ನೀಲಿ ಬಚ್ಚಲಿನ ಚಿಲಕ

ಯಾರೂ ಸ್ನಾನ ಮಾಡದ ಬಚ್ಚಲುಮನೆಗೆ ಒಳಚಿಲಕ ಬೇಕೇ, ಬೇಡವೇ? ರಾಜ್ಯ ಆಳುವವರು ಇದಕ್ಕಿಂತ ಹಗುರವಾದ ಪ್ರಶ್ನೆಗಳಿಗೆ ಸಮಿತಿ ನೇಮಿಸಿದ್ದಾರೆ, ವರದಿ ತರಿಸಿಕೊಂಡಿದ್ದಾರೆ, ತರಿಸಿಕೊಂಡ ವರದಿಯನ್ನು ಓದದೆ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. ನಲ್ಲಿ ಮೇಷ್ಟ್ರ ಅಂಗಡಿಯಲ್ಲಿ ಈ ಘನವಾದ ಪ್ರಶ್ನೆ ಎರಡು ಸಲ ಎದ್ದಿತು. ಮೊದಲ ಸಲ ಎಲ್ಲರೂ ನಕ್ಕರು. ಎರಡನೆಯ ಸಲ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ನಲ್ಲಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬಚ್ಚಲುಮನೆಯ ಸಾಮಾನು ಮಾರುವವರು: ನಲ್ಲಿ, ಷವರ್, ಬೇಸಿನ್ನು, ಕಮೋಡು, ಟೈಲ್ಸು. ಒಂದು ವಾಷರ್ ಕೇಳಿಕೊಂಡು ಬಂದವನಿಗೂ ನೀರು ಯಾಕೆ ತೊಟ್ಟಿಕ್ಕುತ್ತದೆ ಎಂಬುದನ್ನು ಬುಡದಿಂದ ವಿವರಿಸಿ, ಕೊನೆಗೆ ಕನ್ನಡಕದ ಮೇಲಿನಿಂದ ನೋಡುತ್ತ “ಅರ್ಥವಾಯ್ತಾ?” ಎಂದು ಕೇಳುವ ಚಟವಿದ್ದುದರಿಂದ ಬೀದಿಯವರು ಆ ಬಿರುದು ಕೊಟ್ಟಿದ್ದರು. ಅಂಗಡಿ ರೈಲಿನ ಡಬ್ಬಿಯ ಹಾಗೆ ಉದ್ದಕ್ಕೆ, ಕತ್ತಲಾಗಿ ಇತ್ತು. ಗೋಡೆಯ ತುಂಬ ನಲ್ಲಿಗಳು. ಅಷ್ಟು ನಲ್ಲಿಗಳಲ್ಲಿ ನೀರು ಬರುತ್ತಿದ್ದದ್ದು ಹಿಂಬದಿಯ ಒಂದರಲ್ಲಿ ಮಾತ್ರ, ಅದೂ ತೊಟ್ಟಿಕ್ಕುತ್ತಿತ್ತು. ಅಂಗಡಿಯ ಕೊನೆಯಲ್ಲಿ ಸಾಲಾಗಿ ಮಾದರಿ ಬಚ್ಚಲುಮನೆಗಳು. ಒಂದು ಬಿಳಿ, ಒಂದು ಗುಲಾಬಿ, ಒಂದು ಹಸಿರು, ಮೂಲೆಯದು ನೀಲಿ. ಗಿರಾಕಿ ಒಳಗೆ ನಿಂತರೆ ತನ್ನ ಮನೆಯಲ್ಲೇ ನಿಂತ ಹಾಗೆ ಅನ್ನಿಸಬೇಕು ಎಂದು ಮೇಷ್ಟ್ರು ಒಂದೊಂದಕ್ಕೂ ಸೂರು, ಬಾಗಿಲು, ಚಿಲಕ ಎಲ್ಲ ಮಾಡಿಸಿದ್ದರು. ನೀರೊಂದು ಇರಲಿಲ್ಲ.

ಇಂಥ ಅಂಗಡಿಯನ್ನು ಒಡೆಸಿ ಹೊಸದು ಮಾಡಿಸಬೇಕೆಂದು ಮೇಷ್ಟ್ರು ಕರೆಸಿದ ಡಿಸೈನರ್ ಹುಡುಗಿ ಮೊದಲ ದಿನ ಒಂದು ಮಾತನ್ನೂ ಆಡದೆ ಕತ್ತು ಮೇಲೆತ್ತಿಕೊಂಡು ಅಂಗಡಿಯೆಲ್ಲ ಸುತ್ತಿದಳು. ಆಮೇಲೆ ಅಂದಳು:

“ಅಂಕಲ್, ಜನ ನಿಮ್ಮ ಹತ್ರ ಬರೋದು ನಲ್ಲಿ ಕೊಳ್ಳೋಕಲ್ಲ.”

“ಮತ್ತೆ?”

“ನೀರಿನ ಜೊತೆ ಮಾತಾಡೋಕೆ.”

ಮೇಷ್ಟ್ರು ಕೌಂಟರಿನ ಕಡೆ ನೋಡಿದರು. ಅಲ್ಲಿದ್ದವನು ರೇಡಿಯೋ. ಅಂಗಡಿ ಶುರುವಾದಂದಿನಿಂದ ಇದ್ದ ಸೇಲ್ಸ್‌ಮನ್. ಬೆಳಿಗ್ಗೆ ಷಟರ್ ಎತ್ತಿದಾಗ ಶುರುವಾದ ಬಾಯಿ ಸಂಜೆ ಷಟರ್ ಎಳೆದ ಮೇಲೂ ನಿಲ್ಲುತ್ತಿರಲಿಲ್ಲವಾಗಿ ಆ ಹೆಸರು. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲದ ಮನುಷ್ಯ ಎಂದು ಬೀದಿಗೆಲ್ಲ ಗೊತ್ತು.

“ಅದಕ್ಕೇ ಸಾರ್,” ಎಂದ ರೇಡಿಯೋ, “ಬಂದವರು ಮಾತಾಡಿ ಹೋಗ್ತಾರೆ, ಬಿಲ್ ಮಾಡಿಸೋದಿಲ್ಲ.”

ಹುಡುಗಿ ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಕಣ್ಣ ಮುಂದೆ ಆಗಲೇ ಬೇರೆ ಅಂಗಡಿ ನಿಂತಿತ್ತು. ಸೂರಿಗೆ ಗಾಜು, ಬೀದಿ ಬದಿಗೆ ಗಾಜು. ಒಂದೊಂದು ಬೇಸಿನ್ನೂ ಶಿಲ್ಪದ ಹಾಗೆ ಕಟ್ಟೆಯ ಮೇಲೆ ಒಂಟಿಯಾಗಿ. ಗೋಡೆಗೆ ಚಿತ್ರಗಳು, ಓದಲು ಪುಸ್ತಕ, ಕೂರಲು ಬೆಂಚು, ಒಂದು ಸಣ್ಣ ಜಗಲಿ, ಅದರ ಮೇಲೆ ತಿಂಗಳಿಗೊಮ್ಮೆ ಯಾರಾದರೂ ಹಾಡುವವರು. “ಬೆಳಕೇ ನಿಮ್ಮ ಮುಖ್ಯ ಸರಕು, ಅಂಕಲ್. ಇದು ಅಂಗಡಿ ಆಗಬಾರದು, ಸಾಂಸ್ಕೃತಿಕ ತಾಣ ಆಗಬೇಕು.”

ಈ ಸುದ್ದಿ ಮೇಷ್ಟ್ರ ಅಕ್ಕನಿಗೆ ಮುಟ್ಟಿ, ಆಕೆ ಅದೇ ಮಧ್ಯಾಹ್ನ ಬಂದು ವಿಚಾರಿಸಿದರು. “ಅಲ್ವೋ, ಜನ ಏನು, ಕಮೋಡಿನ ಮೇಲೆ ಕೂತು ಸಂಗೀತ ಕೇಳ್ಬೇಕಾ?”

“ಬೆಂಚು ಹಾಕಿಸ್ತೀವಿ, ಅಕ್ಕಾ.”

“ಹಾಕ್ಸು, ಹಾಕ್ಸು. ಹಾಡು ಹಿಡಿಸದೇ ಇದ್ರೆ ಫ್ಲಷ್ ಎಳೀಬಹುದು, ಅದೊಂದು ಅನುಕೂಲ.”

ಮೇಷ್ಟ್ರು ನಕ್ಕು ಸುಮ್ಮನಾದರು. ಯಾರ ಮಾತಿಗೂ ಒಂದು ತಿರುಗುತ್ತರ ಇಟ್ಟುಕೊಂಡಿರುತ್ತಿದ್ದವರು ಅಷ್ಟು ಸುಲಭವಾಗಿ ಸೋತದ್ದನ್ನು ಕಂಡು ಅಕ್ಕನಿಗೇ ಅನುಮಾನ ಬಂತು. ಅನುಮಾನ ಸರಿಯಾಗಿಯೇ ಇತ್ತು. ಮೇಷ್ಟ್ರಿಗೆ ಬೇಕಾಗಿದ್ದದ್ದು ಆ ಹುಡುಗಿ ಹೇಳಿದ ಬೆಳಕೂ ಅಲ್ಲ, ಸಂಸ್ಕೃತಿಯೂ ಅಲ್ಲ. ಆ ಜಗಲಿ ಬೇಕಾಗಿತ್ತು.

ಅದರ ಹಿಂದಿನ ಸಂಗತಿ ಹೀಗೆ. ಮೇಷ್ಟ್ರ ಹೆಂಡತಿ ಹಾಡುತ್ತಿದ್ದರು. ಹಾಡುತ್ತಿದ್ದದ್ದು ಬಚ್ಚಲುಮನೆಯಲ್ಲಿ, ಚಿಲಕ ಹಾಕಿಕೊಂಡು, ಮೈ ಮೇಲೆ ನೀರು ಸುರಿದುಕೊಳ್ಳುವಾಗ ಮಾತ್ರ. ಮದುವೆಯಾದ ಹೊಸತರಲ್ಲಿ ಮೇಷ್ಟ್ರು, ಗಂಡನಾದವನು ಒಂದು ಒಳ್ಳೆಯ ಮಾತು ಆಡಬೇಕಲ್ಲ ಎಂದು, “ಒಳ್ಳೇ ಕಂಠ ಕಣೇ ನಿಂದು” ಎಂದುಬಿಟ್ಟರು. ಮರುದಿನದಿಂದ ಬಚ್ಚಲಿನಲ್ಲಿ ನೀರಿನ ಸದ್ದಲ್ಲದೆ ಬೇರೆ ಸದ್ದಿಲ್ಲ. ಮತ್ತೆ ದನಿ ಏಳಬೇಕಾದರೆ ಎಷ್ಟೋ ತಿಂಗಳು ಹಿಡಿಯಿತು. ಅಷ್ಟರಲ್ಲಿ ಮೇಷ್ಟ್ರು ಕಿವುಡರಾಗುವುದನ್ನು ಕಲಿತಿದ್ದರು. ಹೆಗಲ ಮೇಲೆ ಟವೆಲು ಹಾಕಿಕೊಂಡು, ಸ್ನಾನಕ್ಕೆ ಸರದಿ ಕಾಯುವವರ ಹಾಗೆ ಬಾಗಿಲಾಚೆ ನಿಂತಿರುವುದು; ಚಿಲಕ ಸರಿದ ಸದ್ದಾದೊಡನೆ “ಎಷ್ಟು ಹೊತ್ತೇ?” ಎಂದು ಸಿಡುಕುವುದು. ಇದು ಅವರ ಸಂಸಾರದ ಸಂಗೀತ ರಸಿಕತೆ.

ಈ ಕಾನೂನು ಗೊತ್ತಿಲ್ಲದೆ ಮನೆಯಲ್ಲಿ ಬೆಳೆದವಳು ಮಗಳೊಬ್ಬಳೇ. ಅವಳು ಬಾಗಿಲು ಗುದ್ದುತ್ತಿದ್ದಳು. “ಅಮ್ಮಾ, ಪಲ್ಲವಿ ಸಾಕು! ಚರಣ ಸಾಯಂಕಾಲಕ್ಕೆ ಇಟ್ಕೋ, ನಂಗೆ ಕಾಲೇಜಿಗೆ ಹೊತ್ತಾಯ್ತು!” ಒಳಗಿನಿಂದ ನಗು, ಒಂದು ತಂಬಿಗೆ ನೀರು, ಮತ್ತೆ ಹಟಕ್ಕೆ ಬಿದ್ದ ಹಾಗೆ ಚರಣ. ಗಂಡನ ಹೊಗಳಿಕೆಗೆ ಮುದುಡಿದ ದನಿ ಮಗಳ ಬೈಗುಳಕ್ಕೆ ಅರಳುತ್ತಿತ್ತು. ಮೇಷ್ಟ್ರಿಗೆ ಇದರ ತರ್ಕ ಕೊನೆಗೂ ಅರ್ಥವಾಗಲಿಲ್ಲ; ಅವರು ಕೇಳಿಸಿಕೊಂಡರು, ಅಷ್ಟೆ.

ಮಗಳಿಗೆ ಒಂದು ಜ್ವರ ಬಂತು. ಸಾಧಾರಣ ಜ್ವರ ಎಂದರು. ಆಮೇಲೆ, ಅಲ್ಲ ಎಂದರು. ಅಷ್ಟು ಹೊತ್ತಿಗೆ ಮಗಳಿರಲಿಲ್ಲ.

ಅಂದಿನಿಂದ ಬಚ್ಚಲಿನಲ್ಲಿ ತಂಬಿಗೆ ಬಕೆಟ್ಟಿಗೆ ತಗಲುವ ಸದ್ದು ಮಾತ್ರ. ಮೇಷ್ಟ್ರು ಈಗಲೂ ಟವೆಲು ಹಾಕಿಕೊಂಡು ಬಾಗಿಲಾಚೆ ನಿಲ್ಲುತ್ತಿದ್ದರು. ಕೇಳುವುದಕ್ಕೆ ಏನೂ ಇಲ್ಲದಿದ್ದರೂ ಕಾಲು ಅಲ್ಲಿಗೇ ಹೋಗುತ್ತಿತ್ತು. ಕೆಲವು ಕಾಲದ ಮೇಲೆ ಹೆಂಡತಿ, ಮನೆಯಲ್ಲಿ ಗೋಡೆ ನೋಡುತ್ತ ಕೂತು ಏನು ಮಾಡಲಿ ಎಂದು, ಮಧ್ಯಾಹ್ನದ ಊಟದ ಡಬ್ಬಿಯನ್ನು ತಾವೇ ಅಂಗಡಿಗೆ ತರತೊಡಗಿದರು. ಮೇಷ್ಟ್ರು ಉಂಡು, ಡಾಕ್ಟರು ಹೇಳಿದ್ದಾರೆಂದು ಬೀದಿ ಕೊನೆಯ ಪ್ರೆಸ್ಸಿನವರೆಗೆ ಅಡ್ಡಾಡಿ, ಅಲ್ಲಿ ಪೇಪರು ಓದಿ ಬರುವರು. ಆಕೆ ನೀರು ಬರುವ ಆ ಒಂದೇ ನಲ್ಲಿಯಲ್ಲಿ ಡಬ್ಬಿ ತೊಳೆಯುವರು. ರೇಡಿಯೋ ಷಟರನ್ನು ಅರ್ಧಕ್ಕೆ ಎಳೆದು ಸ್ಟೂಲು ಹಾಕಿಕೊಂಡು ಕೂರುವನು.

ಹೆಂಡತಿಗೆ ‘ಹಾಡು’ ಎಂದು ಮೇಷ್ಟ್ರು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೇಳಿದರೆ ಏನಾಗುತ್ತದೆ ಎಂಬುದು ಗೊತ್ತಿತ್ತು. ಆದರೆ ಬೆಳಕು ತುಂಬಿದ ಒಂದು ಜಾಗ, ಅಲ್ಲಿ ತಿಂಗಳು ತಿಂಗಳು ಬೇರೆ ಯಾರೋ ಹಾಡುತ್ತಾರೆ, ಈಕೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾಳೆ. ಯಾವತ್ತೋ ಒಂದು ದಿನ ತನಗೇ ತಿಳಿಯದೆ ಗುನುಗುತ್ತಾಳೆ. ಅಷ್ಟು ಸಾಕು. ಮೇಷ್ಟ್ರು ಇದನ್ನು ಯಾರಿಗೂ ಹೇಳಲಿಲ್ಲ. ಡಿಸೈನರ್ ಹುಡುಗಿಗೆ ಹೇಳಿದ್ದು ಇಷ್ಟು: “ಕಮೋಡಿನ ಒಂದು ಸಾಲು ಹೋದ್ರೂ ಹೋಗ್ಲಿ, ಜಗಲಿ ಇರಬೇಕು.”

ಚಿಲಕದ ಪ್ರಶ್ನೆ ಮೊದಲ ಸಲ ಎದ್ದದ್ದು ಅಳತೆಯ ದಿನ. ಹುಡುಗಿ ಮಾದರಿ ಬಚ್ಚಲುಗಳ ಬಾಗಿಲನ್ನು ಒಂದೊಂದಾಗಿ ತೆಗೆದು ಹಾಕಿ ನೋಡುತ್ತಿದ್ದಳು. ಬಿಳಿಯದರ ಚಿಲಕ ತುಕ್ಕು ಹಿಡಿದು ಅಲ್ಲಾಡಲಿಲ್ಲ. ಗುಲಾಬಿಯದು, ಹಸಿರಿನದು ಅಷ್ಟೇ. ನೀಲಿಯದು ಬೆರಳು ಮುಟ್ಟಿದ್ದೇ ತಡ, ಸದ್ದಿಲ್ಲದೆ ಸರಿದು ಕೂತಿತು.

“ಅಂಕಲ್, ಇದಕ್ಕೆ ಎಣ್ಣೆ ಹಾಕಿದ್ದಾರೆ. ಯಾರೋ ದಿನಾ ಉಪಯೋಗಿಸ್ತಾರೆ.”

ಎಲ್ಲರೂ ರೇಡಿಯೋನ ಕಡೆ ತಿರುಗಿದರು. ಊಟವಾದ ಮೇಲೆ ಅವನಿಗೆ ರೆಪ್ಪೆ ಭಾರವಾಗುವುದು ಹೊಸ ಸುದ್ದಿಯಲ್ಲ.

“ಏನಯ್ಯಾ, ಒಳಗಿಂದ ಚಿಲಕ ಹಾಕ್ಕೊಂಡು ಗೊರಕೆ ಹೊಡೀತೀಯಾ?”

ರೇಡಿಯೋ ಮೇಷ್ಟ್ರ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಹುಡುಗಿಯ ಕಡೆ ನೋಡಿದ. “ಹೂಂ ಸಾರ್,” ಎಂದ.

“ಸರಿ, ನಿನ್ನ ಅರಮನೆ ನೆಲಸಮ ಆಗುತ್ತೆ. ಬೇರೆ ನೋಡ್ಕೋ.”

“ಆ ನೀಲಿದೊಂದು ಇರ್ಲಿ ಸಾರ್. ಮಿಕ್ಕಿದ್ದೆಲ್ಲ ಒಡೆದು ಸಮುದ್ರಕ್ಕೆ ಹಾಕಿ.”

“ಯಾರೂ ಸ್ನಾನ ಮಾಡದ ಬಚ್ಚಲು. ಅದಕ್ಕೊಂದು ಚಿಲಕ. ಯಾಕಪ್ಪಾ ಬೇಕು, ಹೇಳು?”

“ಚಿಲಕ ಅಂತ ಒಂದಿದ್ರೆ... ಒಂದು ಮರ್ಯಾದೆ ಸಾರ್.”

ಹುಡುಗಿ ನಕ್ಕಳು, ಮೇಷ್ಟ್ರು ನಕ್ಕರು, ಟೇಪು ಹಿಡಿದು ನಿಂತಿದ್ದ ಮೇಸ್ತ್ರಿ ಯಾಕೆಂದು ಗೊತ್ತಿಲ್ಲದಿದ್ದರೂ ನಕ್ಕ. ರೇಡಿಯೋ ಅವತ್ತು ಸಂಜೆಯ ತನಕ ಮಾತಾಡಲಿಲ್ಲ. ಹಗಲು ನಿದ್ದೆಗೆ ಕುತ್ತು ಬಂದರೆ ಮನುಷ್ಯ ಎಷ್ಟು ಕುಗ್ಗುತ್ತಾನೆ ಎಂದು ಮೇಷ್ಟ್ರು ಆಶ್ಚರ್ಯಪಟ್ಟರು.

ಮರುದಿನ ಡಬ್ಬಿ ಬಿಚ್ಚುತ್ತ ಹೆಂಡತಿಗೆ ಹೇಳಿದರು. “ಎಲ್ಲ ತೆಗೆಸ್ತಾ ಇದ್ದೀನಿ ಕಣೇ. ಗೋಡೆ, ಸೂರು, ಎಲ್ಲ. ಗಾಜು ಹಾಕಿಸ್ತೀನಿ.”

“ಕೊನೇಲಿರೋ ಆ ಬಾಗಿಲುಗಳು?”

“ಒಂದೂ ಇರೋಲ್ಲ! ಎಲ್ಲ ಬಟಾಬಯಲು.”

“ಓ,” ಎಂದರು ಆಕೆ. ಊಟ ಮುಗಿದು ಡಬ್ಬಿ ಜೋಡಿಸುವಾಗ, “ಯಾವತ್ತಿಂದ ರೀ?”

“ಸೋಮವಾರದಿಂದ.”

ಆಕೆ ಡಬ್ಬಿ ಎತ್ತಿಕೊಂಡು ನಲ್ಲಿಯ ಕಡೆ ಹೋದರು. ಹೆಂಡತಿ ಇಷ್ಟೊಂದು ಪ್ರಶ್ನೆ ಕೇಳಿ ಎಷ್ಟು ಕಾಲವಾಗಿತ್ತು! ಮೇಷ್ಟ್ರು ಆ ದಿನ ಪ್ರೆಸ್ಸಿನವರೆಗೆ ಬಹಳ ಹಗುರವಾಗಿ ನಡೆದರು.

ಅಂಗಡಿ ಒಡೆದು ಕಟ್ಟುವ ತನಕ ಮೇಷ್ಟ್ರ ಊಟ ಮನೆಯಲ್ಲೇ ಆಯಿತು. ಆ ತಿಂಗಳುಗಳಲ್ಲಿ ಹೆಂಡತಿ ಇನ್ನಷ್ಟು ಮೌನವಾದರು. ಆದರೆ ಎರಡು ದಿನಕ್ಕೊಮ್ಮೆ ಬಡಿಸುತ್ತ ಬಡಿಸುತ್ತ ಕೇಳುವರು: “ಅಂಗಡಿ ಯಾವಾಗ ತೆಗೀತೀರಿ?” “ಯಾವುದಾದ್ರೂ ಒಂದು ಕೋಣೆ ಇರುತ್ತಾ, ಇಲ್ಲವಾ?” ಮೇಷ್ಟ್ರು ಉಬ್ಬಿಹೋದರು. ಗಾಜಿನ ದಪ್ಪ, ಬೆಳಕಿನ ಕೋನ, ಜಗಲಿಯ ಎತ್ತರ ಎಲ್ಲವನ್ನೂ ಬುಡದಿಂದ ವಿವರಿಸಿ, “ಅರ್ಥವಾಯ್ತಾ?” ಎಂದರು. ಆಕೆ ಹೂಂ ಎಂದರು.

ಒಪ್ಪಿಕೊಳ್ಳಬೇಕು, ಅಂಗಡಿ ಚೆನ್ನಾಗಿತ್ತು. ಬೆಳಗಿನ ಬಿಸಿಲು ಸೂರಿನ ಗಾಜಿನಿಂದ ಇಳಿದು ಒಂದೊಂದು ಬೇಸಿನ್ನಿನ ಅಂಚನ್ನೂ ಸವರಿಕೊಂಡು ಹೋಗುತ್ತಿತ್ತು. ಹೊತ್ತೇರಿದ ಹಾಗೆ ನಲ್ಲಿಗಳ ನೆರಳು ಗೋಡೆಯ ಮೇಲೆ ಕೊಕ್ಕರೆಗಳ ಸಾಲಿನಂತೆ ಬಾಗುತ್ತಿತ್ತು. ಒಳಗೆ ಬಂದವರು ತಾವಾಗಿಯೇ ದನಿ ತಗ್ಗಿಸುತ್ತಿದ್ದರು. ಒಬ್ಬಾತ ಫ್ಲಷ್ ಟ್ಯಾಂಕಿನ ಬೆಲೆಯನ್ನು, ಮಲಗಿದ ಕೂಸು ಏಳಬಾರದು ಎನ್ನುವಂತೆ ಪಿಸುಮಾತಿನಲ್ಲಿ ಕೇಳಿದ. ಹುಡುಗಿಯ ಕೆಲಸದಲ್ಲಿ ಒಂದು ಕೊಂಕು ಹುಡುಕಲು ಅಕ್ಕ ಎರಡು ಸುತ್ತು ಹಾಕಿ, ಸಿಗದೆ, “ಧೂಳು ಒರೆಸೋರು ಯಾರು?” ಎಂದು ಮಾತ್ರ ಕೇಳಿದರು.

ಮೊದಲ ದಿನ ಮಧ್ಯಾಹ್ನವೇ ಹಾಡು. ಕರೆದಿದ್ದ ಗಾಯಕಿ ಜಗಲಿಯ ಮೇಲೆ ಕೂತು ಹಾಡಿದಳು. ಹೆಂಡತಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮೇಷ್ಟ್ರು ಕಂಬಕ್ಕೊರಗಿ, ಗಾಯಕಿಯನ್ನು ಬಿಟ್ಟು ಹೆಂಡತಿಯ ತುಟಿಯನ್ನೇ ನೋಡುತ್ತಿದ್ದರು. ತುಟಿ ಅಲುಗಲಿಲ್ಲ. ಚಪ್ಪಾಳೆಯ ನಡುವೆ ಆಕೆ ಎದ್ದು ಅಂಗಡಿಯ ಕೊನೆಗೆ ಹೋದರು. ನೀಲಿ ಬಚ್ಚಲಿದ್ದ ಮೂಲೆಯಲ್ಲಿ ಈಗ ಒಂದು ಗುಂಡು ಬೇಸಿನ್ನು ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿತ್ತು. ಆಕೆ ಅದರ ಮುಂದೆ ನಿಂತರು. ಕೈ ಚಾಚಿದರು. ಚಾಚಿದ್ದು ಬೇಸಿನ್ನಿನ ಕಡೆಗಲ್ಲ, ಅದರ ಪಕ್ಕದ ಬರಿಯ ಗಾಳಿಗೆ, ಎದೆಯಷ್ಟು ಎತ್ತರದಲ್ಲಿ. ಆಮೇಲೆ ಕೈ ಹಿಂದಕ್ಕೆಳೆದುಕೊಂಡು ಸೆರಗಿನಲ್ಲಿ ಒರೆಸಿಕೊಂಡರು, ಏನೋ ಅಂಟಿದೆ ಎನ್ನುವ ಹಾಗೆ.

ಮೇಷ್ಟ್ರು ಪಕ್ಕಕ್ಕೆ ನೋಡಿದರೆ ರೇಡಿಯೋ ಗೋಡೆಗೆ ಮುಖ ಮಾಡಿ ನಿಂತಿದ್ದಾನೆ.

“ಏನಯ್ಯಾ, ಆನಂದಬಾಷ್ಪನಾ?”

“ಅಮ್ಮಾವ್ರು ಚಿಲಕ ಹುಡುಕ್ತಾ ಇದ್ದಾರೆ ಸಾರ್.”

“ಯಾವ ಚಿಲಕ?”

ರೇಡಿಯೋ ತಿರುಗಿದ. “ಸಾರ್... ನಿಮಗೆ ಗೊತ್ತಿಲ್ವಾ?”

ಪುಸ್ತಕದ ಕಪಾಟಿನ ಹಿಂದೆ ನಿಂತು ರೇಡಿಯೋ ಹೇಳಿದ. ಅವನ ಜೀವಮಾನದಲ್ಲಿ ಅಷ್ಟು ಕಡಿಮೆ ಮಾತಿನಲ್ಲಿ ಹೇಳಿದ್ದು ಅದೊಂದೇ. ಮೇಷ್ಟ್ರು ಅಡ್ಡಾಡಲು ಹೋದ ಮೇಲೆ ಅಮ್ಮಾವ್ರು ಡಬ್ಬಿ ತೊಳೆದಿಟ್ಟು ನೀಲಿ ಬಚ್ಚಲಿಗೆ ಹೋಗುತ್ತಿದ್ದರು. ಚಿಲಕ ಹಾಕಿಕೊಳ್ಳುತ್ತಿದ್ದರು. ಹಾಡುತ್ತಿದ್ದರು.

“ದಿನಾ?”

“ದಿನಾ ಸಾರ್. ಅದಕ್ಕೇ ನಾನು ಷಟರ್ ಎಳೆದು ಬಂದೋರನ್ನ ಅಟ್ತಾ ಇದ್ದದ್ದು. ಚಿಲಕ ಕಿರುಗುಟ್ಟಿದ್ರೆ ಅಮ್ಮಾವ್ರಿಗೆ ಮುಜುಗರ ಆದೀತು ಅಂತ ಎಣ್ಣೆ ಹಾಕ್ತಿದ್ದೆ.”

“ನಂಗ್ಯಾಕೆ ಹೇಳ್ಲಿಲ್ಲ? ಊರಿಗೆಲ್ಲ ಹೇಳ್ತೀಯಾ, ನಂಗೊಬ್ಬನಿಗೆ...”

“ನಿಮಗೆ ಗೊತ್ತಿದೆ ಅಂತಲೇ ಅಂದ್ಕೊಂಡಿದ್ದೆ ಸಾರ್. ಅಮ್ಮಾವ್ರಿಗೆ ಅನುಕೂಲ ಆಗ್ಲಿ ಅಂತಲೇ ನೀವು ಅದೇ ಹೊತ್ತಿಗೆ ಹೊರಗೆ ಹೋಗ್ತಿದ್ದೀರಿ ಅಂತ. ನಿದ್ದೆ ಅಂತ ತಮಾಷೆ ಮಾಡಿದ್ರಲ್ಲ, ಆ ಹುಡುಗಿ ಮುಂದೆ ಮುಚ್ಚಿಡ್ತಾ ಇದ್ದೀರಿ ಅಂತ ನಾನೂ ಹೂಂ ಅಂದೆ. ಒಡೆಸಿದ್ರಲ್ಲ, ಆಗ ಅಂದ್ಕೊಂಡೆ, ಮನೇಲೇ ಮತ್ತೆ ಹಾಡೋಕೆ ಶುರು ಮಾಡಿದ್ದಾರೆ, ಇದು ಇನ್ನು ಬೇಡ ಅಂತ.”

ಜಗಲಿಯ ಮೇಲೆ ಗಾಯಕಿ ಇನ್ನೊಂದು ಹಾಡು ಎತ್ತಿಕೊಂಡಳು. ಮೇಷ್ಟ್ರು ಮೂಲೆಯ ಕಡೆ ನೋಡಿದರು.

ಆ ನೀಲಿ ಟೈಲ್ಸು ಅವರ ಮನೆಯ ಬಚ್ಚಲಿಗೆ ಹಾಕಿದ್ದ ಟೈಲ್ಸೇ. ಒಂದೇ ಸಲ ಬಂದ ಮಾಲು. ಮನೆಗೆ ಹಾಕಿ ಮಿಕ್ಕಿದ್ದನ್ನು ಇಲ್ಲಿಗೆ ಹಾಕಿಸಿದ್ದರು. ದನಿ ಎರಡು ಕಡೆಯೂ ಒಂದೇ ಥರ ಮೊಳಗಿರಬೇಕು.

“ಏನು ಹಾಡ್ತಿದ್ಲು?”

“ಅದೇ ಒಂದು ಹಾಡು ಸಾರ್, ದಿನಾ. ಪಲ್ಲವಿ ಮಾತ್ರ. ಪಲ್ಲವಿ ಮುಗಿದ ಮೇಲೆ ಸುಮ್ಮನಾಗ್ತಿದ್ರು. ಸುಮಾರು ಹೊತ್ತು ಹಾಗೇ ಒಳಗೇ ಇರ್ತಿದ್ರು. ಆಮೇಲೆ ಚಿಲಕ ತೆಗೀತಿದ್ರು. ಚರಣ ಒಂದು ದಿನವೂ ಕೇಳಿಲ್ಲ. ಬಹುಶಃ ಬರ್ತಿರಲಿಲ್ವೇನೋ.”

“ಬರುತ್ತೆ,” ಎಂದರು ಮೇಷ್ಟ್ರು.

ಎರಡನೆಯ ಸಲ ಪ್ರಶ್ನೆ ಎದ್ದದ್ದು ಆಗ. ಮೇಷ್ಟ್ರು ಹುಡುಗಿಯನ್ನು ಕರೆಸಿ, ಮೂಲೆಯ ಗುಂಡು ಬೇಸಿನ್ನು ಎತ್ತಿಸಿ ಅಲ್ಲಿ ಮೊದಲಿನ ಹಾಗೆಯೇ ಒಂದು ನೀಲಿ ಕೋಣೆ ಬೇಕೆಂದರು. ಹಳೆಯ ಬಾಗಿಲು ಗೋದಾಮಿನಲ್ಲಿತ್ತು. ಹಳೆಯ ಟೈಲ್ಸು ಚೂರಾಗಿ ಎಲ್ಲಿಯೋ ಹಳ್ಳ ತುಂಬಿಸಲು ಹೋಗಿತ್ತು.

“ಅಂಕಲ್, ಇಷ್ಟು ಬೆಳಕಿನ ಮಧ್ಯ ಒಂದು ಮುಚ್ಚಿದ ಪೆಟ್ಟಿಗೇನಾ? ಹೋಗ್ಲಿ, ಬಾಗಿಲಾದ್ರೂ ಬೇಡ. ಚಿಲಕ ಯಾಕೆ? ಒಳಗೆ ಯಾರೂ ಸ್ನಾನ ಮಾಡೋದಿಲ್ವಲ್ಲ?”

ಮೇಷ್ಟ್ರು ಹೇಳಿದರು. ಬುಡದಿಂದಲೇ ಹೇಳಿದರು, ಈ ಸಲ ಕೊನೆಗೆ ಅರ್ಥವಾಯಿತಾ ಎಂದು ಕೇಳಲಿಲ್ಲ. ಹುಡುಗಿ ನಕ್ಷೆಯ ಮೂಲೆಯಲ್ಲಿದ್ದ ಬೇಸಿನ್ನನ್ನು ಅಳಿಸಿ ಅಲ್ಲೊಂದು ಚೌಕ ಎಳೆದಳು. “ಸೂರು ಪೂರ್ತಿ ಮುಚ್ಚಿಸ್ತೀನಿ ಅಂಕಲ್,” ಎಂದಳು ಆಮೇಲೆ. “ಗೋಡೆ ದಪ್ಪ ಮಾಡಿಸ್ತೀನಿ. ಒಳಗಿನ ದನಿ ಹೊರಗೆ ಬರೋದಿಲ್ಲ.”

ಹೊಸ ಟೈಲ್ಸಿನ ನೀಲಿ ಕೊಂಚ ತಿಳಿಯಾಯಿತು. ಮಿಕ್ಕಂತೆ ಕೋಣೆ ಹಾಗೆಯೇ ಎದ್ದಿತು. ಚಿಲಕಕ್ಕೆ ರೇಡಿಯೋ ಎಣ್ಣೆ ಹಾಕಿದ. ಮೇಷ್ಟ್ರು ಮನೆಯಲ್ಲಿ, ಏನೂ ಇಲ್ಲದವರ ಹಾಗೆ, “ಗಿರಾಕಿಗಳು ಕೇಳ್ತಾರೆ ಕಣೇ, ಒಂದು ಮಾದರಿ ಕೋಣೆ ಇರ್ಲಿ ಅಂತ ಕಟ್ಟಿಸ್ದೆ” ಎಂದರು. “ಹೌದಾ?” ಎಂದರು ಆಕೆ. ಮರುದಿನ ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಬಂದರು.

ಮೇಷ್ಟ್ರು ಗಬಗಬನೆ ಉಂಡರು. ಕೈ ತೊಳೆದು, ಇಡೀ ಅಂಗಡಿಗೆ ಕೇಳುವಂತೆ, “ಅಡ್ಡಾಡಿಕೊಂಡು ಬರ್ತೀನಪ್ಪಾ” ಎಂದರು. ರೇಡಿಯೋಗೆ ತಕ್ಷಣ ಎಲ್ಲಿಗೋ ಹೋಗುವುದು ನೆನಪಾಯಿತು. ಕೊನೆಯ ಕೆಲಸ ನೋಡಲು ಬಂದಿದ್ದ ಹುಡುಗಿಗೆ ಫೋನು ಬಂತು. ಬರದ ಫೋನನ್ನು ಕಿವಿಗಿಟ್ಟುಕೊಂಡು ಅವಳೂ ಹೊರಗೆ ಬಂದಳು. ಎಳೆಯಲು ಈಗ ಷಟರಿರಲಿಲ್ಲ. ಗಾಜಿನ ಬಾಗಿಲನ್ನು ಹಾಗೆಯೇ ಮುಂದೆ ಮಾಡಿದರು. ಮೂವರೂ ರಸ್ತೆ ದಾಟಿ, ಎದುರಿನ ಫುಟ್‌ಪಾತಿನಲ್ಲಿ, ಅಂಗಡಿಗೆ ಬೆನ್ನು ಮಾಡಿ ಸಾಲಾಗಿ ನಿಂತರು. ನೋಡುವ ಹಾಗಿಲ್ಲ, ಕೇಳುವುದು ಅಷ್ಟು ದೂರಕ್ಕೆ ಆಗದ ಮಾತು. ಮುಂದೆ ಒಂದು ಬೋಳು ಕಾಂಪೌಂಡು ಗೋಡೆ. ಮೂವರೂ ಅದನ್ನೇ ಶ್ರದ್ಧೆಯಿಂದ ನೋಡಿದರು. ದಾರಿಹೋಕರೊಬ್ಬರು ಗೋಡೆಯಲ್ಲಿ ಏನಿದೆ ಎಂದು ತಾವೂ ಸ್ವಲ್ಪ ಹೊತ್ತು ನೋಡಿ ಹೋದರು.

ಸಾಕಷ್ಟು ಹೊತ್ತಾಯಿತು ಅನ್ನಿಸಿದಾಗ ಮೇಷ್ಟ್ರು ಒಬ್ಬರೇ ಒಳಗೆ ಬಂದರು. ಹೆಂಡತಿ ಬೆಂಚಿನ ಮೇಲೆ ಕೂತಿದ್ದರು. ಮಡಿಲಲ್ಲಿ ತೊಳೆದ ಡಬ್ಬಿ. ಮೇಲಿನಿಂದ ಬಿದ್ದ ಬಿಸಿಲಿನಲ್ಲಿ ಆಕೆಯ ಒಂದೊಂದು ನರೆಗೂದಲೂ ಬೇರೆಬೇರೆಯಾಗಿ ಕಾಣುತ್ತಿತ್ತು.

“ಬಂದ್ರಾ?”

“ಹೂಂ. ಗಾಳಿ ಚೆನ್ನಾಗಿತ್ತು.”

“ಮೂರು ಜನಕ್ಕೂ?”

ಮೇಷ್ಟ್ರು ಪಕ್ಕದಲ್ಲಿ ಕೂತರು.

“ಚಿಲಕಕ್ಕೆ ಎಣ್ಣೆ ಹಾಕ್ಸಿದ್ದೀರಿ.”

“ರೇಡಿಯೋ ಹಾಕಿದ್ದು.”

“ಚೆನ್ನಾಗಿ ಬೀಳುತ್ತೆ,” ಎಂದರು ಆಕೆ. ಬೆರಳಿನಿಂದ ಡಬ್ಬಿಯ ಮುಚ್ಚಳ ಒರೆಸುತ್ತಿದ್ದರು. “ನೀವು ಟವೆಲ್ ಹಾಕ್ಕೊಂಡು ಬಾಗಿಲ ಹೊರಗೆ ನಿಂತಿರ್ತಿದ್ರಿ. ಈಗ್ಲೂ ನಿಂತಿರ್ತೀರಿ. ಅದು ನಂಗೊತ್ತು ರೀ.”

“ಹೂಂ.”

“ಮನೇಲಿ ಆ ಬಾಗಿಲಾಚೆ ಯಾವಾಗ್ಲೂ ಯಾರಾದ್ರೂ ಇರ್ತಾರೆ ಅನ್ಸುತ್ತೆ. ನೀವಾದ್ರೂ ಇರ್ತೀರಿ. ಗುದ್ದೋರು ಮಾತ್ರ ಇಲ್ಲ. ಇಲ್ಲಿ ಯಾರೂ ಕಾಯ್ತಾ ಇರ್ಲಿಲ್ಲ. ಅದಕ್ಕೇ ಬರ್ತಿದ್ದೆ.”

ಬಿಸಿಲು ನಿಧಾನವಾಗಿ ಬೆಂಚಿನಿಂದ ಜಗಲಿಯ ಕಡೆ ಸರಿಯಿತು. ರಸ್ತೆಯಾಚೆ ಇಬ್ಬರು ಇನ್ನೂ ಗೋಡೆ ನೋಡುತ್ತ ನಿಂತಿರುವುದು ಗಾಜಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

“ಅವರನ್ನ ಒಳಗೆ ಕರೀರಿ, ಪಾಪ, ಬಿಸಿಲು,” ಎಂದು ಆಕೆ ಎದ್ದರು. “ನಾಳೆಯಿಂದ ಡಬ್ಬಿ ಬೆಳಿಗ್ಗೆನೇ ಕಟ್ಟಿಕೊಡ್ತೀನಿ. ನೀವೇ ತಗೊಂಡ್ಬಂದ್ಬಿಡಿ.”

ನೀಲಿ ಕೋಣೆ ಗಿರಾಕಿಗಳಿಗೆ ಬಹಳ ಹಿಡಿಸಿತು. ಮರುದಿನದಿಂದ ಡಬ್ಬಿಯನ್ನು ಮೇಷ್ಟ್ರೇ ತರತೊಡಗಿದರು.